ಕ್ಯಾಬಿನ್ ಇಲ್ಲದ ನಕ್ಷೆ

ಲಿವರಪ್ಪನ ಸಿಟ್ಟಿಗೆ ಹನ್ನೊಂದು ವರ್ಷ ತುಂಬಿತ್ತು. ಬೇರೆಯವರ ಸಿಟ್ಟು ಹಾಲಿನಂತೆ ಉಕ್ಕಿ ಇಳಿದುಹೋಗುತ್ತದೆ. ಇವನು ತನ್ನದನ್ನು ದಿನಾ ಒರೆಸಿ, ಎಣ್ಣೆ ಹಾಕಿ ಜೋಪಾನ ಮಾಡಿದ್ದ.

ಇಪ್ಪತ್ತಾರು ವರ್ಷ ರೈಲ್ವೆ ಕ್ಯಾಬಿನ್ನಿನ ಮಹಡಿಯಲ್ಲಿ ನಿಂತು, ಆಳೆತ್ತರದ ಲಿವರುಗಳನ್ನು ಎಳೆದು ರೈಲುಗಳ ದಾರಿ ತಿರುಗಿಸಿದವನು. ಹೆಸರು ಬಂದದ್ದೂ ಅದರಿಂದಲೇ. ಒಂದು ಮಧ್ಯಾಹ್ನ ಗೂಡ್ಸ್ ಗಾಡಿಯ ಕೊನೆಯ ಎರಡು ಡಬ್ಬಿ ಹಳಿ ತಪ್ಪಿದವು. ಗಾರ್ಡಿನ ಮೊಣಕೈ ತರಚಿತು, ಅಷ್ಟೇ. ಆದರೆ ಆ ಗಾರ್ಡ್, ಗಾಡಿ ಪೂರ್ತಿ ದಾಟುವ ಮೊದಲೇ ಲಿವರ್ ಎಳೆದರು ಎಂದು ವಿಚಾರಣೆಯಲ್ಲಿ ಬರೆದುಕೊಟ್ಟ. ಅವನು ಬೇರೆ ಯಾರೂ ಅಲ್ಲ, ಹೆಂಡತಿಯ ಸ್ವಂತ ತಮ್ಮ! ಲಿವರಪ್ಪನನ್ನು ಪಾರ್ಸೆಲ್ ಆಫೀಸಿಗೆ ತಳ್ಳಿದರು. ನಿವೃತ್ತಿಯವರೆಗೂ ಮೂಟೆಗಳಿಗೆ ಚೀಟಿ ಅಂಟಿಸಿದ. ಬಾಮೈದನಿಗೆ ಮನೆಯ ಬಾಗಿಲು ಮುಚ್ಚಿತು. ಅಕ್ಕ ತಮ್ಮನ ಮುಖ ನೋಡಬೇಕೆಂದರೆ ನೆಂಟರಲ್ಲಿ ಯಾರದ್ದಾದರೂ ಮದುವೆಯೇ ಆಗಬೇಕು.

ಈಗ ಇವನಿಗೆ ಹೊಸ ಹುಚ್ಚು ಹಿಡಿದಿತ್ತು. ಮನೆಯಲ್ಲೇ ಪುಟ್ಟ ರೈಲಿನ ಯಾರ್ಡ್ ಕಟ್ಟುವುದು. ಹೆಬ್ಬೆರಳುದ್ದದ ಡಬ್ಬಿಗಳನ್ನು ತರಿಸಿದ. ಹೆಂಡತಿ ಹೊಲಿಗೆ ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಕಟಿಂಗ್ ಮೇಜಿನ ಮೇಲೆ ಖಾಕಿ ಕಾಗದ ಹಾಸಿ, ಅವಳ ಟೇಪಿನಿಂದಲೇ ಅಳೆದು ನಕ್ಷೆ ಬರೆಯತೊಡಗಿದ.

"ಒಂದು ಗುಡ್ಡ, ಒಂದು ಸುರಂಗ ಇಟ್ರೆ ಚೆನ್ನಾಗಿರುತ್ತೆ ರೀ," ಎಂದಳು ಹೆಂಡತಿ.

"ನಮ್ಮ ಯಾರ್ಡಲ್ಲಿ ಎಲ್ಲಿತ್ತೇ ಸುರಂಗ? ಇದೇನು ಮಕ್ಕಳಾಟ ಅಂದ್ಕೊಂಡ್ಯಾ? ನಿನ್ನ ತಮ್ಮ ಹೇಳಿದ ಸುಳ್ಳನ್ನ ಹಳಿ ಮೇಲೆ ಓಡಿಸಿ ತೋರಿಸ್ತೀನಿ. ನಾಲ್ಕು ಜನ ಬಂದು ನೋಡ್ಲಿ!"

ನಾಲ್ಕು ದಿನದಲ್ಲಿ ನಕ್ಷೆ ಮುಗಿಯಿತು. ಒಂದೊಂದು ಸಿಗ್ನಲ್ ಕಂಬವೂ ಅದರ ಜಾಗದಲ್ಲೇ ಇತ್ತು. ಅಂದು ಎರಡನೇ ಲೈನಿನಲ್ಲಿ ನಿಂತಿದ್ದ ಖಾಲಿ ಡಬ್ಬಿಗಳ ಸಾಲನ್ನೂ ಬಿಡದೆ ಜೋಡಿಸಿದ್ದ. ಆಚೆಯ ಮೂರನೇ ಲೈನಿನಲ್ಲಿ ಆ ಗೂಡ್ಸ್ ಗಾಡಿ.

"ನೀವೆಲ್ಲಿ ನಿಂತಿದ್ರಿ?" ಎಂದಳು ಹೆಂಡತಿ.

ಲಿವರಪ್ಪ ಕಾಗದ ನೋಡಿದ. ಕ್ಯಾಬಿನ್ನೇ ಇರಲಿಲ್ಲ. ಜೀವಮಾನವೆಲ್ಲ ಅದರೊಳಗಿಂದ ಹೊರಗೆ ನೋಡಿದವನಿಗೆ ಅದನ್ನು ಬರೆಯಬೇಕೆಂದು ತೋಚಿರಲೇ ಇಲ್ಲ. ಮೈಯೆಲ್ಲ ಉರಿಯಿತು. ಹೆಂಡತಿ ತನ್ನ ಡಬ್ಬದಿಂದ ಒಂದು ದಾರದ ರೀಲು ತೆಗೆದುಕೊಟ್ಟಳು. ಅವನು ಅದರ ಎತ್ತರ ಅಳೆದ. ಒಂದೂವರೆ ಅಂಗುಲ, ಲೆಕ್ಕಕ್ಕೆ ಸರಿ. ಅದನ್ನು ಕ್ಯಾಬಿನ್ನಿನ ಜಾಗದಲ್ಲಿ ಕುಟ್ಟಿ ನಿಲ್ಲಿಸಿದ.

"ಇಲ್ಲಿ! ಇಲ್ಲಿಂದ ಕಣ್ಣಾರೆ ನೋಡ್ದೆ. ಕೊನೆ ಡಬ್ಬಿ ಹಿಂದಿನ ಕೆಂಪು ಹಲಗೆ ದಾಟಿದ್ಮೇಲೇ ಎಳೆದಿದ್ದು."

ಅವಳು ರೀಲಿನ ತುದಿಯಿಂದ ದಾರ ಬಿಚ್ಚಿ, ಅವನ ಕಣ್ಣು ಹೋಗುವ ದಾರಿಯಂತೆ ನೇರ, ಬಿಗಿಯಾಗಿ ಎಳೆದು, ಗೂಡ್ಸ್ ಗಾಡಿಯ ಕೊನೆಗೆ ಹಿಡಿದಳು. ದಾರ ಅಲ್ಲಿಗೆ ಮುಟ್ಟಲಿಲ್ಲ. ಎರಡನೇ ಲೈನಿನ ಖಾಲಿ ಡಬ್ಬಿಗೆ ತಗುಲಿ ನಿಂತಿತು.

"ಸರಿಯಾಗಿ ಹಿಡ್ಕೊಳ್ಳೇ!" ಎಂದು ಗದರಿ, ದಾರ ಕಿತ್ತುಕೊಂಡು ತಾನೇ ಎಳೆದ. ಮತ್ತೆ ಅದೇ ಡಬ್ಬಿ ಅಡ್ಡ. ರಬ್ಬರ್ ಎತ್ತಿಕೊಂಡ. ಎರಡನೇ ಲೈನನ್ನು ಅರ್ಧ ಅಂಗುಲ ಸರಿಸಿದರೆ ಸಾಕಿತ್ತು. ಹೆಂಡತಿ ಅವನ ಕೈಯನ್ನೇ ನೋಡುತ್ತಿದ್ದಳು. ಅಳತೆಯೆಲ್ಲ ಅವನದೇ. ರಬ್ಬರನ್ನು ಗೋಡೆಗೆ ಬೀಸಿ ಎಸೆದ.

"ನೋಡಿರ್ಲಿಲ್ಲ ಕಣೆ," ಎಂದ. "ಇಷ್ಟೊತ್ತಿಗೆ ದಾಟಿರುತ್ತೆ ಅಂತ ಅಂದಾಜಿನ ಮೇಲೆ ಎಳೆದುಬಿಟ್ಟೆ." ಹನ್ನೊಂದು ವರ್ಷ ಕಾಪಾಡಿಕೊಂಡ ಸಿಟ್ಟೆಲ್ಲ ಈಗ ತನ್ನ ಮೇಲೇ ತಿರುಗಿತ್ತು. "ನಿನ್ನ ತಮ್ಮನಿಗೆ ಫೋನ್ ಮಾಡು. ಊಟಕ್ಕೆ ಬರೋಕೆ ಹೇಳು."

"ನಾನ್ಯಾಕೆ ಮಾಡ್ಲಿ?" ಅವಳ ದನಿ ಇಷ್ಟು ಏರಿದ್ದನ್ನು ಅವನು ಕೇಳಿಯೇ ಇರಲಿಲ್ಲ. "ಆ ಕೊನೆ ಡಬ್ಬೀಲಿ ಇದ್ದಿದ್ದು ನನ್ನ ತಮ್ಮ ರೀ. ಹನ್ನೊಂದು ವರ್ಷ ಅವನಿಗೆ ಒಂದು ಲೋಟ ನೀರು ಕೊಡೋಕೆ ಬಿಟ್ಟಿಲ್ಲ ನೀವು. ನೀವೇ ಮಾಡಿ."

ಲಿವರಪ್ಪ ಫೋನ್ ಕೈಗೆತ್ತಿಕೊಂಡ. ಅದರಲ್ಲಿ ಬಾಮೈದನ ನಂಬರು ಇರಲಿಲ್ಲ. ಅವಳು ಎಲ್ಲೂ ನೋಡದೆ, ಹತ್ತು ಅಂಕಿಗಳನ್ನೂ ಒಂದೊಂದಾಗಿ ಹೇಳಿದಳು.