ಉಕ್ರೇನಿನ ಸೊಸೆ

ನಮ್ಮ ಪಕ್ಕದ ಮನೆಯ ಕಾತ್ಯಾಯನಿಯಮ್ಮನ ಸೊಸೆ ಹಲೀನಾ ಉಕ್ರೇನಿನ ಖಾರ್ಕಿವ್‌ನವಳು. ಮಡಿಕೇರಿಯ ಬಾಯಲ್ಲಿ ಮಾತ್ರ ಅವಳು ರಷ್ಯದವಳು. ತರಕಾರಿ ಅಂಗಡಿಯವನು ಹಾಗೆಂದರೆ ಆರಿಸಿದ ಬೀಟ್‌ರೂಟನ್ನೆಲ್ಲ ಅವನ ಬುಟ್ಟಿಗೇ ಮರಳಿ ಸುರಿದು, "ಉಕ್ರೇನ್ ಅನ್ನಿ ಅಣ್ಣ, ಆಮೇಲೆ ತೂಕ ಮಾಡಿ" ಅನ್ನುತ್ತಾಳೆ. ಅವಳ ಕೆಂಪು ಸಾರನ್ನು ರಷ್ಯದ್ದೆಂದು ಹೊಗಳಿದವರಿಗೆ ಎರಡನೇ ಸಲ ಬಡಿಸುವುದಿಲ್ಲ. ಉಂಡ ತಟ್ಟೆ ಬಿಟ್ಟು ಏಳುವ ಗಂಡಸರಿಗೆ, ಮಾವನನ್ನೂ ಸೇರಿಸಿ, "ತಟ್ಟೆಗೆ ಕಾಲಿಲ್ಲ, ನಿಮಗಿದೆ" ಎಂದು ನೆನಪಿಸುತ್ತಾಳೆ. ಮದುವೆಯಾದಂದಿನಿಂದ ಆ ತಟ್ಟೆಗಳನ್ನು ಎತ್ತಿದ ಕಾತ್ಯಾಯನಿಯಮ್ಮ ಆಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಮಧ್ಯಾಹ್ನ ಮಗಳನ್ನು ತೊಟ್ಟಿಲಲ್ಲಿ ತೂಗುವಾಗ ಮಾತ್ರ ಹಲೀನಾಳ ಈ ಜೋರೆಲ್ಲ ಇಳಿಯುತ್ತದೆ. ಹಲೀನಾ ಬೆಳೆದ ಮನೆಯ ಮಾತು ರಷ್ಯನ್ನೇ. ಅವಳಮ್ಮ ಹಾಡುತ್ತಿದ್ದ ಜೋಗುಳವೂ ಅದರಲ್ಲೇ. ತನ್ನ ಊರಿನ ಮೇಲೆ ರಷ್ಯ ಬಾಂಬು ಹಾಕಿದ ದಿನದಿಂದ ಅವಳು ಆ ಭಾಷೆಯ ಒಂದು ಮಾತೂ ಆಡಿಲ್ಲ. ಬೇರೆ ಜೋಗುಳ ಅವಳಿಗೆ ಬರುವುದಿಲ್ಲ. "ನಿನ್ನಮ್ಮನ ಹಾಡಲ್ವೇನೇ, ಹಾಡು. ಇಲ್ಲಿ ಯಾರಿಗೆ ಅರ್ಥವಾಗುತ್ತೆ?" ಅನ್ನುತ್ತಾರೆ ಅತ್ತೆ. "ಇವಳಿಗೆ ಬಾಯಿಪಾಠ ಆಗಿಬಿಡುತ್ತೆ ಅತ್ತೆ" ಎಂದು ಹಲೀನಾ ತುಟಿ ಮುಚ್ಚಿಕೊಂಡು ಬರೀ ರಾಗವನ್ನು ಗುನುಗುತ್ತಾಳೆ.