ಆರಡಿ ಆಚೆಗೆ ಸರಿಸಿದ ವಾಲ್ವು

ಬೆಳಿಗ್ಗೆ ಆರಕ್ಕೆ ನಾನು ನಮ್ಮ ಹೌಸಿಂಗ್ ಸೊಸೈಟಿಯ ಪಂಪ್ ರೂಮಿನಲ್ಲಿರುತ್ತೇನೆ. ಮೊಣಕಾಲು ನೋವಿರುವುದರಿಂದ ಐದೂಮುಕ್ಕಾಲಿಗೇ ಮನೆ ಬಿಡಬೇಕು. ಖಡಕಿಯ ಒಂದು ಕಾರ್ಖಾನೆಯ ಪಂಪ್ ಹೌಸಿನಲ್ಲಿ ಮೂವತ್ತೊಂದು ವರ್ಷ ಮೊದಲ ಪಾಳಿ ಮಾಡಿದ್ದೇನೆ. ನಿವೃತ್ತನಾದ ಮೇಲೂ ಪಂಪು ನೋಡುವ ಕೆಲಸ ಬಂದೀತೆಂದು ಎಣಿಸಿರಲಿಲ್ಲ. ತಪ್ಪು ನನ್ನದೇ.

ನಮ್ಮಲ್ಲಿ ಎ, ಬಿ ಎಂದು ಎರಡು ವಿಂಗ್. ನೆಲದಡಿಯ ಟಾಕಿಯಿಂದ ಒಂದೇ ಪಂಪು ಎರಡೂ ಚಾವಣಿಗಳ ಟಾಕಿಗಳಿಗೆ ನೀರು ಏರಿಸುತ್ತದೆ. ಪೈಪು ಎರಡಾಗಿ ಕವಲೊಡೆಯುವಲ್ಲಿ ಕವಲಿಗೊಂದು ವಾಲ್ವು. ಎ ತುಂಬಿದ ಮೇಲೆ ಮೊದಲು ಬಿ ತೆರೆದು, ಆಮೇಲೆ ಎ ಮುಚ್ಚುವುದು ಸರಿಯಾದ ಕ್ರಮ. ಆದರೆ ಎರಡೂ ತೆರೆದಿರುವ ಆ ಅರ್ಧ ನಿಮಿಷದಲ್ಲಿ ತಮ್ಮ ನೀರು ಆಚೆಯವರ ಪಾಲಾಗುತ್ತದೆಂದು ಎರಡೂ ವಿಂಗಿನವರಿಗೆ ಅನುಮಾನ. ಹಾಗಾಗಿ ಸಭೆಯಲ್ಲಿ ನಿರ್ಣಯವೇ ಆಯಿತು: ಒಂದನ್ನು ಪೂರ್ತಿ ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕು. ಆ ಹೊತ್ತಿನಲ್ಲಿ ಪಂಪು ಓಡುತ್ತಲೇ ಇರುತ್ತದೆ, ನೀರಿಗೆ ಹೋಗಲು ದಾರಿ ಇರುವುದಿಲ್ಲ.

ಅದಕ್ಕೆಂದೇ ರಿಲೀಫ್ ವಾಲ್ವು ಇತ್ತು. ಒತ್ತಡ ಮಿತಿ ಮೀರಿದಾಗ ಅದು ತಾನೇ ತೆರೆದು ನೀರನ್ನು ಹೊರಗೆ ಚೆಲ್ಲುತ್ತದೆ. ಅದರ ಜಾಗ ಪಂಪಿನ ಬಾಯಿಯ ಹತ್ತಿರ. ಪಂಪಿಗೂ ಅದಕ್ಕೂ ನಡುವೆ ಮುಚ್ಚುವಂಥದ್ದು ಏನೂ ಬರಕೂಡದು. ಕಾರ್ಖಾನೆಗೆ ಬಂದ ಪ್ರತಿ ಹೊಸಬನಿಗೂ ನಾನು ಮೊದಲ ದಿನ ಹೇಳುತ್ತಿದ್ದುದು ಇದನ್ನೇ.

ಆದರೆ ಅದು ಚೆಲ್ಲುವ ನೀರು ಕಿಟಕಿಯಾಚೆ ನಿಲ್ಲಿಸಿದ ಸೆಕ್ರೆಟರಿಯ ಸ್ಕೂಟರಿನ ಮೇಲೆ ಬೀಳುತ್ತಿತ್ತು. "ಕಾಕಾ, ರೋಜ್ ಸೀಟ್ ಓಲೀ ಹೋತೇ!" ದಿನಾ ಸೀಟು ಒದ್ದೆ ಎಂದು ಅವರ ದೂರು. ವಾಲ್ವನ್ನು ಆರಡಿ ಆಚೆಗೆ, ಬಿ ವಾಲ್ವು ದಾಟಿ ಬಿ ವಿಂಗಿನ ಕವಲಿಗೆ ಸರಿಸಿದರೆ ಗಟಾರ ಹತ್ತಿರವಾಗುತ್ತದೆ ಎಂದರು. ಬೇಡ ಎಂದೆ ನಾನು, ಬಿ ಮುಚ್ಚಿದ್ದಾಗ ಅದು ಇದ್ದೂ ಇಲ್ಲದಂತೆ. ಚೆಲ್ಲುವ ನೀರಿಗೆ ಪೈಪು ಹಾಕಿ ಟಾಕಿಗೇ ತಿರುಗಿಸೋಣ ಎಂದೆ. ಟಾಕಿಯ ಸ್ಲ್ಯಾಬು ಒಡೆಯಲು ಯಾರೂ ಒಪ್ಪಲಿಲ್ಲ. ಮೂರು ಸಭೆಗಳಲ್ಲಿ ಅದೇ ಮಾತು. ಮೂರನೆಯದರಲ್ಲಿ ವಾಲ್ವು ಸರಿಸುವ ನಿರ್ಣಯ ಬರೆದ ರಿಜಿಸ್ಟರು ನನ್ನ ಮುಂದೆ ಬಂದಾಗ 'ತಾಂತ್ರಿಕ ಸಲಹೆಗಾರ' ಎಂದಿದ್ದಲ್ಲಿ ಸಹಿ ಹಾಕಿ ಮನೆಗೆ ಹೋಗಿ ಮಲಗಿದೆ.

ವಾಲ್ವು ಸರಿಸಿ ಹದಿನೈದು ದಿನವೂ ಕಳೆದಿರಲಿಲ್ಲ. ಪಂಪು ನೋಡಿಕೊಳ್ಳುವವನು ಯಾದಗಿರಿ ಕಡೆಯವನು; ಪಂಪ್ ರೂಮಿನ ಹಿಂದಿನ ಖೋಲಿಯಲ್ಲಿ ಹೆಂಡತಿ, ಮಗಳೊಂದಿಗೆ ಇರುತ್ತಾನೆ. ಅವತ್ತು ಎ ಮುಚ್ಚಿ ಬಿ ತೆರೆಯಲು ಕೈಯಿಡುವಷ್ಟರಲ್ಲಿ ಎ ವಿಂಗಿನ ಹೆಂಗಸೊಬ್ಬರು ಬಂದು, ತಮ್ಮ ಟಾಕಿ ತುಂಬೇ ಇಲ್ಲವೆಂದು ಜಗಳ ತೆಗೆದು ಅವನನ್ನು ಚಾವಣಿಗೆ ಕರೆದುಕೊಂಡು ಹೋದರು. ಟಾಕಿ ತುಂಬಿತ್ತು. ಅವನು ಇಳಿದು ಬರುವಷ್ಟರಲ್ಲಿ, ಎರಡೂ ವಾಲ್ವು ಮುಚ್ಚಿದ್ದು ಓಡುತ್ತಲೇ ಇದ್ದ ಪಂಪಿನೊಳಗಿನ ನೀರು ಕಾದು, ಪ್ಲಾಸ್ಟಿಕ್ ಜಾಯಿಂಟು ಮೆತ್ತಗಾಗಿ ಕಿತ್ತುಹೋಗಿತ್ತು. ಮೋಟಾರು ನೀರಲ್ಲಿ ಮುಳುಗಿತ್ತು. ಸೆಕ್ರೆಟರಿ ಸಂಜೆಯೇ ಹೇಳಿಕಳಿಸಿದರು: ಭಾನುವಾರದೊಳಗೆ ಖೋಲಿ ಖಾಲಿ ಮಾಡು.

ಅವನು ನಮ್ಮ ಬಾಗಿಲಿಗೆ ಬಂದ. "ಸಾಹೇಬ್ರ, ನಾ ಮರ್ತಿಲ್ರಿ. ಮೊದ್ಲ ನೀರು ಚಿಮ್ಮೂ ಆವಾಜ್ ಬರ್ತಿತ್ತಲ್ರಿ, ಎಲ್ಲಿದ್ರೂ ಓಡಿ ಬರ್ತಿದ್ದೆ. ಅವತ್ತ ಆವಾಜೇ ಬರ್ಲಿಲ್ರಿ."

ಅವನು ಹೋದ ಮೇಲೆ ಹೆಂಡತಿ ಚಹಾ ಸೋಸುತ್ತ ಕೇಳಿದಳು. "ಕಾರ್ಖಾನ್ಯಾಗ ಯಾರರೆ ಇಂಥಾ ಕಾಗದ ತಂದಿದ್ರ ಸಹಿ ಮಾಡ್ತಿದ್ರೇನ್ರಿ?"

"ಇಲ್ಲ."

"ಮತ್ತ ಇಲ್ಲಿ?"

"ಸಾಕಾಗಿತ್ತು."

"ಭಾಳ ಛಲೋ ಆತು. ನಿಮಗ ಸಾಕಾತು, ಅವರ ಹಾಸಿಗಿ ಬೀದಿಗಿ ಬಂತು."

ಭಾನುವಾರದ ಸಭೆಯಲ್ಲಿ ರಿಜಿಸ್ಟರಿನ ಆ ಪುಟ ತೆರೆದಿಟ್ಟೆ. ವಾಲ್ವು ತನ್ನ ಜಾಗದಲ್ಲಿದ್ದರೆ ಜಾಯಿಂಟು ಹೋಗುತ್ತಿರಲಿಲ್ಲ, ಸರಿಸಲು ಒಪ್ಪಿದವನು ನಾನು, ಅವನನ್ನು ತೆಗೆಯುವುದು ಅನ್ಯಾಯ ಎಂದೆ. "ಕಾಕಾ, ತುಮ್ಹೀ ಕಶಾಲಾ ಮಧೇ ಪಡ್ತಾ?" ನೀವೇಕೆ ನಡುವೆ ಬರುತ್ತೀರಿ ಎಂದರು ಸೆಕ್ರೆಟರಿ. ನಾನು ಮೊದಲಿನಿಂದಲೂ ನಡುವೆಯೇ ಇದ್ದೇನೆ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಕೊನೆಗೆ ಸ್ಲ್ಯಾಬು ಒಡೆದರು. ವಾಲ್ವು ಪಂಪಿನ ಬಾಯಿಗೆ ಮರಳಿತು, ಅದು ಬಿಡುವ ನೀರು ಟಾಕಿಗೇ ಬೀಳುವಂತಾಯಿತು. ಅವನ ಖೋಲಿ ಉಳಿಯಿತು, ಒಂದು ಷರತ್ತಿನ ಮೇಲೆ: ದಿನಾ ವಾಲ್ವು ಬದಲಿಸುವಾಗ ನಾನು ಎದುರಿಗಿರಬೇಕು. ಮೊದಲು ಮುಚ್ಚಿ ಆಮೇಲೆ ತೆರೆಯುವ ನಿರ್ಣಯವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ವಾದಿಸುವ ತ್ರಾಣ ನನಗೂ ಇರಲಿಲ್ಲ.

ಇವತ್ತೂ ಹೋಗಿದ್ದೆ. ಅವನು ಬಕೆಟ್ ಬೋರಲು ಹಾಕಿ, "ಕುಂದರ್ರಿ ಸಾಹೇಬ್ರ, ಮಣಕಾಲು ನಿಮ್ದು, ಡ್ಯೂಟಿ ನಂದು" ಎಂದ. ಎ ಮುಚ್ಚಿದ. ಟಾಕಿಯೊಳಗೆ ನೀರು ಧೋ ಎಂದು ಬೀಳತೊಡಗಿತು. ಅವನು ಬಿ ತಿರುಗಿಸಿದ. ಸದ್ದು ನಿಂತ ಮೇಲೆ ನಾನು ಎದ್ದೆ.