ಗೊತ್ತಾಗದ ಕರೆಂಟು

ಮೊನ್ನೆ ಫಿಸಿಯೋಥೆರಪಿಯ ಹುಡುಗಿ ನಮ್ಮ ಅತ್ತೆಯ ಮೊಣಕಾಲಿಗೆ ಪ್ಯಾಡ್ ಅಂಟಿಸುತ್ತಿದ್ದಳು. ಆ ಜೆಲ್ಲಿನ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಮಾಷ್ಟ್ರು ನೆನಪಾದರು. ಒಳ್ಳೆಯ ನೆನಪಲ್ಲ...

ಗಡಿನಾಡಿನ ಮೀಂಜದ ಕಡೆಯ ನಮ್ಮ ಶಾಲೆಯಲ್ಲಿ ಕಬಡ್ಡಿ ಎಂದರೆ ಅವರೇ. ಅಳುವ ಹುಡುಗಿಯರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಿದ್ದವಳ ಗಾಯಕ್ಕೆ ಉಪ್ಪುನೀರು ಸುರಿದು ಮುಖ ನೋಡುತ್ತಾ ನಿಲ್ಲುತ್ತಿದ್ದರು. ನಾನು ಅಳುತ್ತಿರಲಿಲ್ಲ, ಹಾಗಾಗಿ ನಾನೆಂದರೆ ಇಷ್ಟ. ಆ ಇಷ್ಟದ ಬಗ್ಗೆ ನನಗೆ ಜಂಬವೂ ಇತ್ತು.

ಪ್ಲಸ್ ಟು ವರ್ಷ ನನ್ನ ಬಲಗಾಲಿನ ಪಾದದ ಗಂಟು ಪದೇ ಪದೇ ಉಳುಕತೊಡಗಿತು. ಸುಮ್ಮನೆ ನಡೆಯುವಾಗಲೂ ಪಾದ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ರಾಜ್ಯ ತಂಡದ ಆಯ್ಕೆ ಹತ್ತಿರವಿತ್ತು. ಸಿಕ್ಕಿದರೆ ಕ್ರೀಡಾ ಕೋಟಾದಲ್ಲಿ ಕಾಲೇಜು, ಇಲ್ಲದಿದ್ದರೆ ಮದುವೆ. ಮನೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಉಪ್ಪಳದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋ ಡಾಕ್ಟ್ರು ಗಂಟಿನ ಸುತ್ತ ಪ್ಯಾಡ್ ಅಂಟಿಸಿ, ಮೈಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಬಿಟ್ಟು, ಒಂಟಿಕಾಲಲ್ಲಿ ನಿಲ್ಲಿಸುತ್ತಿದ್ದರು. ಅಷ್ಟೇ ಸಾಕಂತೆ, ಪಾದಕ್ಕೆ ನೆಲದ ಗುರುತು ಮತ್ತೆ ಹತ್ತುತ್ತದಂತೆ. ನಿಜಕ್ಕೂ ತೂರಾಡುವುದು ಕಡಿಮೆಯಾಗಿತ್ತು.

ಒಂದು ದಿನ ನಾನು ಹಾಗೆ ಒಂಟಿಕಾಲಲ್ಲಿ ನಿಂತಿದ್ದಾಗ ಮಾಷ್ಟ್ರು ನೋಡಲು ಬಂದರು. ಉಳುಕಿಗೆ ಎಣ್ಣೆ ಹಾಕಿ ತಿಕ್ಕುವಾಗ ಕಿರುಚಿದಷ್ಟೂ ಬೇಗ ವಾಸಿ ಎಂದು ನಂಬಿದ ಊರು ನಮ್ಮದು. ಅವರೂ ಅದೇ ಊರಿನವರು.

"ಎಂತ ಆಗ್ತದೆ?" ಎಂದು ಕೇಳಿದರು.

"ಎಂತದೂ ಗೊತ್ತಾಗುದಿಲ್ಲ ಮಾಷ್ಟ್ರೇ."

"ಗೊತ್ತಾಗದಿದ್ರೆ ಅದೆಂತ ಮದ್ದು ಮಾರಾಯ್ತಿ?"

ಡಾಕ್ಟ್ರು ಪಕ್ಕದ ಕೋಣೆಯಲ್ಲಿದ್ದರು. ಮಾಷ್ಟ್ರು ಯಂತ್ರದ ಗುಂಡಿ ಹಿಡಿದು ತಿರುಗಿಸಿಯೇಬಿಟ್ಟರು. ಕಾಲು ಸೆಟೆಯಿತು, ನಾನು ವಾಲಿದೆ, ಗಂಟಿನೊಳಗೆ ಏನೋ ಹರಿದ ಸದ್ದು ನನಗೇ ಕೇಳಿಸಿತು. ನೆಲದಲ್ಲಿ ಬಿದ್ದು ಬೊಬ್ಬೆ ಹೊಡೆಯುತ್ತಿದ್ದರೆ ಅವರು ನಗುತ್ತಿದ್ದರು.

"ಹಾಂ, ಈಗ ಹಿಡಿಯಿತು ನೋಡು."

ಆಯ್ಕೆಯ ದಿನ ನನ್ನ ಕಾಲು ಪ್ಲಾಸ್ಟರಿನಲ್ಲಿತ್ತು. ಮರುವರ್ಷ ಮದುವೆ. ಊಟಕ್ಕೆ ಬಂದ ಮಾಷ್ಟ್ರು ನನ್ನ ಗಂಡನ ಹೆಗಲು ತಟ್ಟಿ ಹೇಳಿದರು, "ಇವಳ ಆಟಕ್ಕೆ ಸಮ ಯಾರೂ ಇರ್ಲಿಲ್ಲ. ಧೈರ್ಯ ಮಾತ್ರ ಇಲ್ಲ, ಒಂಚೂರು ಕರೆಂಟಿಗೆ ಹೆದರಿ ಬಿಟ್ಳು." ಗಂಡ ನಕ್ಕರು. ನಾನೂ ನಕ್ಕೆ...

ಮಾಷ್ಟ್ರು ಈಗ ಇಲ್ಲ. ಸುದ್ದಿ ಬಂದಾಗ ಪೀಡೆ ತೊಲಗಿತು ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಜತೆಗೆ ಆಡಿದವರೆಲ್ಲ ಎಲ್ಲೆಲ್ಲೋ ಹೋಗಿದ್ದಾರೆ. ಈ ಮನೆಯಲ್ಲಿ ನನ್ನನ್ನು ಕುಂಟಿಯಾಗಿಯಷ್ಟೇ ಬಲ್ಲರು. ನಾನು ಹೇಗೆ ಆಡುತ್ತಿದ್ದೆ ಎಂದು ಇವರ ಮುಂದೆ ಹೇಳಬಲ್ಲವರು ಅವರೊಬ್ಬರೇ ಉಳಿದಿದ್ದರು.